ಮೇಣ ಹಾಕಿದ ಅಂಗೈ

ಶಹಾಬಾದಿನ ಫರ್ಸಿ ಕಾರ್ಖಾನೆಗಳಲ್ಲಿ ನೆಲಕ್ಕೆ ಹಾಸುವ ಕಲ್ಲಿಗೆ ನುಣುಪು ಕೊಡುವ ಯಂತ್ರ ಎಷ್ಟೇ ತಿರುಗಲಿ, ಕೊನೆಗೆ ಒಂದು ಅಂಗೈ ಅದರ ಮೇಲೆ ಹಾದುಹೋಗಲೇಬೇಕು. ನಮ್ಮ ದೊಡ್ಡವ್ವ ಹಣಮವ್ವ ಇಪ್ಪತ್ತೆರಡು ವರ್ಷದಿಂದ ಮಾಡುತ್ತ ಬಂದಿರುವ ಕೆಲಸ ಅದು. ನಮ್ಮ ಕಣ್ಣಿಗೆ ಕನ್ನಡಿಯಂತೆ ಕಾಣುವ ಕಲ್ಲಿನ ಮೇಲೆ ಆಕೆ ಒದ್ದೆ ಕೈ ಆಡಿಸಿ, "ಇಲ್ಲಿ ಇನ್ನಾ ಗರಗರ ಅದ, ಇನ್ನೊಂದು ಸುತ್ತು ಹೊಡೀರಿ" ಎನ್ನುತ್ತಾಳೆ. ಯಂತ್ರದವನು ಗೊಣಗುತ್ತ ಮತ್ತೆ ಹೊಡೆಯುತ್ತಾನೆ. ಗ್ಲೌಸ್ ಹಾಕಿಕೊಂಡರೆ ಆ ಗರಗರ ಕೈಗೆ ತಿಳಿಯುವುದಿಲ್ಲ. ಹಾಗಾಗಿ ಆಕೆ ಯಾವತ್ತೂ ಹಾಕಿಕೊಂಡವಳಲ್ಲ.

ದಿನವಿಡೀ ಕಲ್ಲಿನ ಕೆಸರುನೀರಿನಲ್ಲಿ ನೆನೆದ ಅಂಗೈ ಸಂಜೆ ಒಣಗಿದಾಗ ಸೀಳುತ್ತದೆ. ಬೆರಳ ಸಂದಿ, ಹೆಬ್ಬೆರಳ ಬುಡ, ಮಣಿಕಟ್ಟಿನ ಹತ್ತಿರ, ಎಲ್ಲ ಕಡೆ ಬೇಸಿಗೆಯ ಎರೆಹೊಲದಂತೆ ಬಿರುಕು. ಕೆಲವು ಒಳಗಿನ ಕೆಂಪು ಕಾಣುವಷ್ಟು ಆಳ. ಫರ್ಸಿ ಕೆಲಸದವರು ಇದಕ್ಕೊಂದು ಮದ್ದು ಮಾಡಿಕೊಂಡಿದ್ದಾರೆ. ಮೇಣದಬತ್ತಿಯ ತುಂಡನ್ನು ಕುಸುಬಿ ಎಣ್ಣೆಯಲ್ಲಿ ಕರಗಿಸಿ, ತಡೆಯುವಷ್ಟು ಬಿಸಿ ಇರುವಾಗಲೇ ಕಡ್ಡಿಯ ತುದಿಯಿಂದ ಬಿರುಕಿನೊಳಗೆ ಬಿಡುತ್ತಾರೆ. ಮೇಣ ಗಟ್ಟಿಯಾದರೆ ಉರಿ ನಿಲ್ಲುತ್ತದೆ, ಮರುದಿನ ಕೆಸರು ಒಳಗೆ ಇಳಿಯುವುದಿಲ್ಲ. "ಗ್ವಾಡಿಗಿ ಗಿಲಾವ್ ಮಾಡ್ದಂಗ" ಎಂದು ದೊಡ್ಡವ್ವ ನಗುತ್ತಾಳೆ. ಆಕೆಯ ಮನೆಯ ಒಲೆಯ ಪಕ್ಕದಲ್ಲಿ ಮೇಣದ ಬಟ್ಟಲು ಉಪ್ಪಿನ ಡಬ್ಬಿಯಷ್ಟೇ ಕಾಯಂ.

ಕಳೆದ ವರ್ಷ ಫೆಬ್ರವರಿಯಲ್ಲಿ ಆಕೆಯ ಮಗಳು ಲುಂಬಿನಿ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟದ್ದು ಸೇಡಂ ತಾಲ್ಲೂಕಿನ ಮುಧೋಳಕ್ಕೆ. ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಎರೆಯುವ ಕೆಲಸವನ್ನು ದೊಡ್ಡವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಎರಡೂ ಕಾಲು ಚಾಚಿ, ಕಾಲುಗಳ ನಡುವೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ತಂಬಿಗೆ ತಂಬಿಗೆ ಬಿಸಿನೀರು ಹೊಯ್ಯುವಳು. ಆಮೇಲೆಯೇ ಕಾರ್ಖಾನೆ.

"ಅವ್ವಾ, ನಿನ್ನ ಕೈ ಉಸುಕಿನ ಕಾಗದ ಇದ್ದಂಗ ಅದ. ಕೂಸಿನ ತೊಗಲ ಕಿತ್ತು ಬರ್ತದ ನೋಡು" ಎಂದು ಲುಂಬಿನಿ ಒಳಗಿನಿಂದ ಕೂಗುವಳು.

"ಇಪ್ಪತ್ತು ವರ್ಷ ಫರ್ಸಿಗಿ ನುಣುಪು ಕೊಟ್ಟೀನಿ, ಇಷ್ಟುದ್ದ ಕೂಸಿಗಿ ಕೊಡಲಾರೇನು? ನೀ ಸುಮ್ಕ ಮಕ್ಕೋ."

ಕೂಸಿಗೆ ಹನ್ನೊಂದು ದಿನ ತುಂಬಿದ ಮಂಗಳವಾರ ದೊಡ್ಡವ್ವ ತೊಟ್ಟಿಲಿಗೆ ಹಾಕುವ ದಿನ ಗೊತ್ತುಮಾಡಲು ಬೀಗರ ಊರು ಮುಧೋಳಕ್ಕೆ ಹೋದಳು. ಮಾತು ಮುಗಿಸಿ ಸೇಡಂಗೆ ಬಂದು ಮಧ್ಯಾಹ್ನದ ಪ್ಯಾಸೆಂಜರ್ ಹತ್ತಿದಳು. ಚಿತ್ತಾಪುರ ದಾಟಿ ಸ್ವಲ್ಪ ಹೊತ್ತಿಗೆ, ಅದೇ ಡಬ್ಬಿಯ ತುದಿಯಲ್ಲಿ ಗದ್ದಲವೆದ್ದಿತು. ತಾಂಡೂರಿನ ಕಡೆಯಿಂದ ಬಂದ ಒಬ್ಬ ಬಸುರಿ ಹೆಂಗಸು ಸೀಟಿನಿಂದ ಕೆಳಗಿಳಿದು ನೆಲದ ಮೇಲೆ ಕುಳಿತುಬಿಟ್ಟಿದ್ದಳು. ಜೊತೆಗಿದ್ದ ಅವಳ ತಂಗಿಗೆ ಹದಿನೇಳೋ ಹದಿನೆಂಟೋ. ಅವಳು ಏನೂ ತೋಚದೆ ಅಳುತ್ತ ನಿಂತಿದ್ದಳು.

"ಚೈನ್ ಎಳೀರಿ, ಚೈನ್!" ಎಂದು ಬಾಗಿಲ ಬಳಿ ಯಾರೋ ಕೂಗಿದರು.

"ಚೈನ್ ಎಳದ್ರ ಗಾಡಿ ಹೊಲದಾಗ ನಿಂದರ್ತದ. ಹೊಲದಾಗ ಡಾಕ್ಟರ್ ಕುಂತಾನೇನು? ಹಂಗೇ ಬಿಡ್ರಿ, ವಾಡಿ ಭಾಳ ದೂರ ಇಲ್ಲ" ಎಂದು ದೊಡ್ಡವ್ವ ಎದ್ದಳು. "ಗಂಡಸರು ಆಕಡಿ ನಡೀರಿ. ಯವ್ವಾ, ನೀವಿಬ್ಬರು ಸೆರಗ ಅಡ್ಡ ಹಿಡೀರಿ. ಯಾರರ ಒಬ್ಬರು ಆ್ಯಂಬುಲೆನ್ಸಿಗಿ ಫೋನ್ ಹಚ್ರಿ, ವಾಡಿ ಸ್ಟೇಷನ್‌ಗಿ ಬಾ ಅಂತ ಹೇಳ್ರಿ."

ದೊಡ್ಡವ್ವನ ಅವ್ವ, ಅಂದರೆ ನಮ್ಮ ಅಜ್ಜಿ, ಸೂಲಗಿತ್ತಿ. ಅಜ್ಜಿಯ ಪಕ್ಕದಲ್ಲಿ ದೀಪ ಹಿಡಿದು ನಿಂತು ಆಕೆ ನೋಡಿದ್ದ ಹೆರಿಗೆಗಳು ಎಷ್ಟೋ. ತಾನೇ ಕೈ ಇಟ್ಟದ್ದು ಅದೇ ಮೊದಲು.

"ಅಕ್ಕಾ, ನಾ ವಲ್ಲ ಕಾದು" ಎಂದು ಆ ಹೆಂಗಸು ತೆಲುಗಿನಲ್ಲಿ ಚೀರಿದಳು.

"ಆಗ್ತದ, ಎಲ್ಲಾ ಆಗ್ತದ. ನಿನ್ನ ಕೈಲಿ ಆಗ್ಲಿಲ್ಲಂದ್ರ ನನ್ನ ಕೈಲಿ ಆಗ್ತದ. ಹೂಂ, ತಿಣುಕು!"

ಕೂಸು ವಾಡಿಗಿಂತ ಮೊದಲೇ ಬಂತು. ಗಂಡು. ಯಾರೋ ಬ್ಲೇಡು ಚಾಚಿದರು. "ಬ್ಯಾಡ. ಹೊಕ್ಕಳ ಹುರಿ ಕೊಯ್ಯೋದು ದವಾಖಾನ್ಯಾಗ" ಎಂದು ದೊಡ್ಡವ್ವ ಅದನ್ನು ಹಿಂದಕ್ಕೆ ತಳ್ಳಿ, ಕೂಸನ್ನು ಹಾಗೇ ತಾಯಿಯ ಎದೆಯ ಮೇಲೆ ಹಾಕಿ ತನ್ನ ಶಾಲು ಹೊದಿಸಿದಳು. ಆ ಹೊತ್ತಿಗೆ ಆಕೆಯ ಎರಡೂ ಕೈ ಮೊಣಕೈವರೆಗೆ ರಕ್ತವಾಗಿದ್ದವು. ವಾಡಿಯಲ್ಲಿ ಸ್ಟ್ರೆಚರ್ ಬಂತು, ತಾಯಿ ಕೂಸು ತಂಗಿ ಮೂವರೂ ಇಳಿದುಹೋದರು. ಹೆಸರು ಕೇಳಲು ಯಾರಿಗೂ ಹೊತ್ತಿರಲಿಲ್ಲ. ದೊಡ್ಡವ್ವ ಎರಡು ಬಾಟಲಿ ಕುಡಿಯುವ ನೀರಿನಲ್ಲಿ ಕೈ ತೊಳೆದುಕೊಂಡು ಅದೇ ಗಾಡಿಯಲ್ಲಿ ಶಹಾಬಾದಿಗೆ ಬಂದಳು.

ಮನೆಗೆ ಬಂದವಳು ಮೊದಲು ಮಗಳ ಮುಂದೆ ಎಲ್ಲವನ್ನೂ ಅಭಿನಯಿಸಿ ತೋರಿಸಿದಳು, ಚೈನ್ ಎಳೀರಿ ಎಂದವನ ದನಿಯ ಸಮೇತ. ಆಮೇಲೆ ಎಂದಿನಂತೆ ಬಟ್ಟಲು ಕಾಯಿಸಿ ಕುಳಿತಳು. ಅಂಗೈ ಬಿರುಕುಗಳಲ್ಲಿ ಕಪ್ಪು ಗೆರೆಗಳು ಉಳಿದಿದ್ದವು. ಕಲ್ಲಿನ ಹೊಲಸಿರಬೇಕು ಎಂದುಕೊಂಡಳು. ಸಬ್ಬು ಹಚ್ಚಿ ತೊಳೆಯದೆ, ಆ ಗೆರೆಗಳ ಮೇಲೆಯೇ ಮೇಣ ಬಿಟ್ಟಳು.

ಬುಧವಾರ ಬೆಳಿಗ್ಗೆ ಕೂಸಿಗೆ ಎರೆದಳು. ಬಿಸಿನೀರಿಗೆ ಮೇಣ ಮೆತ್ತಗಾಗಿ ಅಲ್ಲಲ್ಲಿ ಕಿತ್ತುಬಂತು. ಅದೂ ದಿನ ಆಗುವಂಥದ್ದೇ, ತಲೆಗೆ ಹಚ್ಚಿಕೊಳ್ಳಲಿಲ್ಲ.

ಕಾರ್ಖಾನೆಯಲ್ಲಿ ಆಕೆಯ ಜೊತೆ ಕಲ್ಲು ತೊಳೆಯುವವಳು ಇಮಾಮ್ಬೀ. ಇಬ್ಬರದೂ ಹದಿನೈದು ವರ್ಷದ ಗೆಳೆತನ, ಹದಿನೈದು ವರ್ಷದ ಜಗಳ.

"ಏನ ಹಣಮವ್ವಾ, ರೈಲಿನಾಗ ದವಾಖಾನಿ ತಗದೀ ಅಂತಲ್ಲ! ನಮಗರೆ ಒಂದು ಮಾತು ಹೇಳಬಾರದಾ, ನರ್ಸ್ ಆಗಿ ಬರ್ತಿದ್ದೆ."

"ನೀ ಬಂದಿದ್ರ ಹೆರೋಕಿನ್ನ ಮೊದಲ ನೀನೇ ಬೀಳ್ತಿದ್ದಿ. ರಕ್ತ ನೋಡಿದ್ರ ಕಣ್ಣಿಗಿ ಕತ್ತಲ ಬರ್ತದ ನಿನಗ."

"ಅದು ಖರೇ ಮಾತು" ಎಂದು ನಕ್ಕ ಇಮಾಮ್ಬೀ ತಟ್ಟನೆ ಕೆಲಸ ನಿಲ್ಲಿಸಿದಳು. "ಹೌದು, ಗ್ಲೌಸ್ ಹಾಕ್ಕೊಂಡಿದ್ದೇನು?"

"ರೈಲಿನಾಗ ಗ್ಲೌಸ್ ಎಲ್ಲಿಂದ ಬರ್ತಾವ?"

"ಹಾಯ್ ಅಲ್ಲಾ! ಈ ಸೀಳಿದ ಕೈಲೇ? ಯಾರ ರಕ್ತನೋ, ಏನ ಬ್ಯಾನಿ ಇತ್ತೋ ಆಕಿಗಿ! ನಮ್ಮ ಭಾವ ದವಾಖಾನ್ಯಾಗ ಕಸ ಹೊಡೀತಿದ್ದ. ಒಂದು ಸೂಜಿ ಚುಚ್ಚಿದ್ದಕ್ಕ ಒಂದು ತಿಂಗಳ ಗುಳಿಗಿ ನುಂಗಿಸ್ಯಾರ ಅವನಿಗಿ. ರಕ್ತದಾಗಿಂದ ರಕ್ತಕ್ಕ ಹೋಗ್ತದಂತ, ಎಚ್‌ಐವಿ."

ದೊಡ್ಡವ್ವ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಉಳಿದ ಮೇಣದ ಅಡಿಯಲ್ಲಿ ಕಪ್ಪು ಗೆರೆ. ಆಗ ಆಕೆಗೆ ಹೊಳೆಯಿತು, ಅದು ಕಲ್ಲಿನ ಹೊಲಸಲ್ಲ. ಆ ರಕ್ತವನ್ನು ತಾನೇ ಒಳಗಿಟ್ಟು ಮೇಲೆ ಗಿಲಾವ್ ಮಾಡಿದ್ದೇನೆ. ಬೆಳಿಗ್ಗೆ ಆ ಗಿಲಾವ್ ಒಡೆದದ್ದು ಕೂಸಿನ ಮೈಮೇಲೆ.

ಇಮಾಮ್ಬೀಗೆ ಆಕೆ ಇದನ್ನು ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಸಂಜೆ ಮನೆಗೆ ಹೋದವಳು ಕೂಸಿನ ಹತ್ತಿರ ಸುಳಿಯದೆ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಗುರುವಾರ ಬೆಳಿಗ್ಗೆ ಕೈ ಭಾಳ ನೋಯಾಕತ್ತಾವ ಎಂದು ಎರೆಯುವ ಕೆಲಸವನ್ನು ಪಕ್ಕದ ಮನೆಯ ಚಂದಮ್ಮನಿಗೆ ಒಪ್ಪಿಸಿ, ಎಂಟಕ್ಕೇ ಕಾರ್ಖಾನೆಗೆ ಹೊರಟುಬಿಟ್ಟಳು.

ಹತ್ತೂವರೆಗೆ ನನಗೆ ಇಮಾಮ್ಬೀಯ ಫೋನು ಬಂತು. ನಾನು ವಾಡಿಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕ. ನಮ್ಮ ಮನೆತನದಲ್ಲಿ ಪದವಿ ಓದಿದವನು ನಾನೊಬ್ಬನೇ. ಹಾಗಾಗಿ ಜ್ವರದಿಂದ ಹಿಡಿದು ಜಮೀನಿನ ಪಹಣಿಯವರೆಗೆ ಎಲ್ಲದಕ್ಕೂ ಫೋನು ನನಗೇ.

"ಮಾಸ್ತರ್ರೇ, ಜಲ್ದಿ ಬರ್ರಿ. ನಿಮ್ಮ ದೊಡ್ಡವ್ವಗ ಹುಚ್ಚು ಹಿಡದದ. ಕಲ್ಲ ಉಜ್ಜೋ ಬಿಲ್ಲಿ ತಗೊಂಡು ತನ್ನ ಕೈ ಉಜ್ಜಿಕೊಳ್ಳಾಕತ್ಯಾಳ. ನಾನೇ ಬಾಯಿ ಸುಮ್ಕ ಇಡಲಾರದಕ್ಕ ಆಗ್ಯಾದ ಇದು."

ನಾನು ಹೋಗುವಷ್ಟರಲ್ಲಿ ಇಮಾಮ್ಬೀ ಆ ಸಾಣೆಬಿಲ್ಲೆ ಕಿತ್ತುಕೊಂಡಿದ್ದಳು, ರೈಲಿನ ರಕ್ತದ ಕಥೆಯನ್ನೂ ಎಚ್‌ಐವಿಯ ಹೆದರಿಕೆಯನ್ನೂ ನನಗೆ ಹೇಳಿದಳು. ದೊಡ್ಡವ್ವನ ಎರಡೂ ಅಂಗೈ ತೆರೆದುಕೊಂಡು ಹಸಿ ಹಸಿಯಾಗಿದ್ದವು. ಆಕೆ ಅಳುತ್ತಿರಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಕೇಳಿದಳು.

"ತಮ್ಮಾ, ಒಳಗ ಹೋದದ್ದು ಹೊರಗ ಬರ್ತದೇನು?"

ನನಗೆ ಗೊತ್ತಿರಲಿಲ್ಲ. ನಾನು ಓದಿದ್ದು ಇತಿಹಾಸ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿ ಸಮಾಧಾನ ಮಾಡುವ ಆಸೆ ಆಯಿತು, ಮಾಡಲಿಲ್ಲ. ನಮ್ಮ ಶಾಲೆಯ ಗೋಡೆಯ ಮೇಲೆ ಎಚ್‌ಐವಿ ಬಗ್ಗೆ ಕೇಳಲು 1097 ಎಂದು ಬರೆದದ್ದು ನೆನಪಿತ್ತು. ಅಲ್ಲೇ ನಿಂತು ಆ ನಂಬರಿಗೆ ಹಚ್ಚಿದೆ. ಆ ಕಡೆಯ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು, ಯಾವಾಗ ಆದದ್ದು ಎಂದಳು. ಮಂಗಳವಾರ ಮಧ್ಯಾಹ್ನ ಎರಡರ ಸುಮಾರು, ಅಂದೆ. "ಎಪ್ಪತ್ತೆರಡು ಗಂಟೆ ಒಳಗೆ ಔಷಧಿ ಶುರು ಮಾಡಬೇಕಾಗುತ್ತೆ ಸರ್. ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ನಾಳೆ ಅನ್ನಬೇಡಿ, ಈಗಲೇ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕೈಯನ್ನ ಉಜ್ಜಬೇಡಿ" ಎಂದಳು. ಲೆಕ್ಕ ಹಾಕಿದೆ. ನಲವತ್ತೈದು ಗಂಟೆ ಕಳೆದಿತ್ತು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೋಣೆಯ ಪಕ್ಕದಲ್ಲಿ ಆಪ್ತಸಮಾಲೋಚಕಿ ಭಾಗ್ಯಶ್ರೀ ಕೂರುತ್ತಾರೆ. ಚಿಂಚೋಳಿಯ ಕಡೆಯವರು. ದೊಡ್ಡವ್ವ ಬಾಗಿಲಲ್ಲೇ ನಿಂತು, ಸೆರಗಿನಲ್ಲಿ ಕೈ ಸುತ್ತಿಕೊಂಡು, ಕುರ್ಚಿ ಮುಟ್ಟಲೂ ಹಿಂದೆಮುಂದೆ ನೋಡುತ್ತಿದ್ದಳು.

"ಬರ್ರಿ ಅವ್ವಾರೆ, ಕುಂದ್ರಿ. ಕುರ್ಚಿಗಿ ಏನೂ ಆಗಂಗಿಲ್ಲ" ಎಂದು ಅವರೇ ಎದ್ದು ಬಂದು ಕೈ ಬಿಡಿಸಿ ನೋಡಿದರು. "ಅಯ್ಯ, ಇದೇನ ಮಾಡ್ಕೊಂಡೀರಿ? ಇದು ರೈಲಿನಾಗ ಆದದ್ದಲ್ಲ."

ಮೊದಲು ಸಬ್ಬು, ಹರಿಯುವ ನೀರು. ಬೆಚ್ಚಗಿನ ನೀರಿನಲ್ಲಿ ಉಳಿದ ಮೇಣ ಬಿಡಿಸಿದರು. ಆಮೇಲೆ ಡಾಕ್ಟರು ಬಂದು ನೋಡಿದರು. ತೆರೆದ ಬಿರುಕು, ರಕ್ತ ಹೆಚ್ಚು, ಯಾರದೆಂದು ಗೊತ್ತಿಲ್ಲ, ಸಮಯ ಮೀರಿಲ್ಲ. ಗುಳಿಗೆ ಕೊಡುವುದೇ ಸರಿ ಎಂದರು. ದಿನಕ್ಕೊಂದು, ಇಪ್ಪತ್ತೆಂಟು ದಿನ, ಒಂದೂ ತಪ್ಪಬಾರದು. ರಕ್ತದಿಂದ ಹರಡುವ ಕಾಮಾಲೆ ತಡೆಯುವ ಚುಚ್ಚುಮದ್ದು ಬೇರೆ. ದೊಡ್ಡವ್ವನ ರಕ್ತ ತೆಗೆದು ಅಲ್ಲೇ ಪರೀಕ್ಷೆ ಮಾಡಿದರು. ಏನೂ ಇಲ್ಲ ಎಂದು ಬಂತು. ಆಕೆಯ ಮುಖ ಅರಳಿದ್ದು ನೋಡಿ ಭಾಗ್ಯಶ್ರೀ ತಡೆದರು.

"ಇದು ಮಂಗಳವಾರದ್ದು ಹೇಳಂಗಿಲ್ಲ ಅವ್ವಾರೆ, ಅದಕ್ಕಿಂತ ಮೊದಲಿನದ್ದು ಹೇಳ್ತದ. ಮಂಗಳವಾರದ್ದು ಗೊತ್ತಾಗಾಕ ಆರು ವಾರ ಆದ ಮ್ಯಾಲ ಒಮ್ಮೆ, ಮೂರು ತಿಂಗಳಾದ ಮ್ಯಾಲ ಒಮ್ಮೆ ಬರಬೇಕು. ಆದ್ರ ಒಂದು ತಿಳ್ಕೋರಿ. ಎಲ್ಲಾ ಬಸುರಿಯರಿಗೂ ನಾವು ಈ ಪರೀಕ್ಷೆ ಮಾಡೇ ಮಾಡ್ತೀವಿ. ನೂರಕ್ಕ ತೊಂಬತ್ತೊಂಬತ್ತು ಮಂದಿಗಿ ಏನೂ ಇರಂಗಿಲ್ಲ. ಇದ್ದವ್ರ ರಕ್ತ ತಾಗಿದ್ರೂ ಎಲ್ಲಾರಿಗೂ ಹತ್ತಂಗಿಲ್ಲ. ಮ್ಯಾಲ ಈ ಗುಳಿಗಿ. ನೀವು ಹೊತ್ತಿಗಿ ಬಂದೀರಿ."

"ಆ ಬಾಣಂತೀನ ಹುಡಕಿ ಕೇಳಬಹುದಲ್ಲ?" ಎಂದೆ ನಾನು.

ಡಾಕ್ಟರು ಪ್ರಯತ್ನ ಮಾಡಿದರು. ವಾಡಿಯಿಂದ ಕರೆದೊಯ್ದ ಆ್ಯಂಬುಲೆನ್ಸಿನವರನ್ನು ಹಿಡಿದು ಕೇಳಿದಾಗ, ಆಕೆಯ ಮನೆಯವರು ಬಂದು ಬುಧವಾರವೇ ಊರಿಗೆ ಕರೆದುಕೊಂಡು ಹೋದರೆಂದು ತಿಳಿಯಿತು. ಕೊಟ್ಟ ನಂಬರು ಹತ್ತಲಿಲ್ಲ. ತಾಯಿ ಮಗು ಚೆನ್ನಾಗಿದ್ದರು ಎಂಬುದಷ್ಟೇ ಸುದ್ದಿ.

"ಆರಾಮ ಅದಾವಂತಲ್ಲ, ಸಾಕು ಬಿಡ್ರಿ" ಎಂದಳು ದೊಡ್ಡವ್ವ. ಆ ಎರಡು ದಿನದಲ್ಲಿ ಆಕೆ ಉಸಿರು ಬಿಟ್ಟು ಆಡಿದ ಮಾತು ಅದೊಂದೇ.

"ಇನ್ನೊಂದು ಮಾತು" ಎಂದರು ಭಾಗ್ಯಶ್ರೀ. "ಮನ್ಯಾಗ ಎಲ್ಲಾರ ಜೋಡಿ ಉಣ್ಣಿರಿ, ಮುಟ್ಟಿರಿ, ಎತ್ತಿರಿ. ಮುಟ್ಟಿದ್ರ ಬರೋದಲ್ಲ ಇದು."

ದೊಡ್ಡವ್ವ ತಲೆಯಾಡಿಸಿದಳು. ಬುಧವಾರದ ಬಚ್ಚಲ ವಿಷಯ ಅಲ್ಲೂ ಬಾಯಿ ಬಿಡಲಿಲ್ಲ.

ಓದುವವರನ್ನು ಕಾಯಿಸುವ ಇರಾದೆ ನನಗಿಲ್ಲ, ಹಾಗಾಗಿ ಇಲ್ಲಿಯೇ ಹೇಳಿಬಿಡುತ್ತೇನೆ. ದೊಡ್ಡವ್ವ ಇಪ್ಪತ್ತೆಂಟೂ ಗುಳಿಗೆ ತಪ್ಪದೆ ನುಂಗಿದಳು. ಆರು ವಾರದ ಪರೀಕ್ಷೆ ಆಯಿತು, ಮೂರು ತಿಂಗಳದ್ದೂ ಆಯಿತು. ಎರಡರಲ್ಲೂ ಏನೂ ಇರಲಿಲ್ಲ. ಆದರೆ ಆಕೆಯ ಪಾಲಿಗೆ ದೊಡ್ಡ ಗಂಡಾಂತರ ಇದ್ದದ್ದು ಆ ಪರೀಕ್ಷೆಗಳಲ್ಲಲ್ಲ, ಮನೆಯ ನಡುಕೋಣೆಯಲ್ಲಿ ಮಲಗಿದ್ದ ಕೂಸಿನಲ್ಲಿ.

ಮೊದಲ ವಾರ ಗುಳಿಗೆಯಿಂದ ಹೊಟ್ಟೆ ತೊಳಸುತ್ತಿತ್ತು. ಕೈಗೆ ಮುಲಾಮು ಹಚ್ಚಿ, ಕೆಸರುನೀರಿಗೆ ಕೈ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಕಾರ್ಖಾನೆಯಲ್ಲಿ ಆಕೆಯನ್ನು ಕಲ್ಲು ಎಣಿಸಲು ಹಾಕಿದರು. ಇಮಾಮ್ಬೀ ದಿನವೂ ಊಟದ ಹೊತ್ತಿಗೆ ಡಬ್ಬಿ ಹಿಡಿದು ಪಕ್ಕದಲ್ಲೇ ಬಂದು ಕೂರತೊಡಗಿದಳು. ತನ್ನ ರೊಟ್ಟಿ ಮುರಿದು ಆಕೆಯ ಪಲ್ಯದಲ್ಲಿ ಅದ್ದುವಳು.

"ನನ್ನ ಡಬ್ಬಿಗಿ ಕೈ ಹಾಕಬ್ಯಾಡ ಇಮಾಮ್ಬೀ."

"ಯಾಕ, ಹೂರಣಗಡಬು ಮಾಡೀಯೇನು ಇವತ್ತು? ನಾ ಆ ಮೇಡಮ್‌ಗ ಫೋನ್ ಮಾಡಿ ಕೇಳೀನಿ. ಪಲ್ಯಾದಾಗಿಂದ ಬರಂಗಿಲ್ಲಂತ. ನಿನ್ನ ಪಲ್ಯಾದಾಗ ಉಪ್ಪರೆ ಬರಬೇಕಿತ್ತು, ಅದೂ ಬರಂಗಿಲ್ಲ."

ದೊಡ್ಡವ್ವ ನಕ್ಕಳಂತೆ. ಆದರೆ ಮನೆಯ ಹೊಸ್ತಿಲು ದಾಟಿದ ಮೇಲೆ ಆಕೆ ಬೇರೆಯೇ. ಕೂಸು ಅತ್ತರೆ ದೂರದಿಂದಲೇ ಜೋಳಿಗೆಯ ಹಗ್ಗ ಎಳೆಯುವಳು. ಎತ್ತಿಕೋ ಎಂದರೆ ಮುಸುರೆ ತೊಳೆಯಲು ಏಳುವಳು. ಒಂದು ದಿನ ನಾನು ಹೋದಾಗ ಕೂಸು ಮಲಗಿತ್ತು. ಆಕೆ ಮೂರು ಮಾರು ದೂರದಲ್ಲಿ ಕುಳಿತು, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಅದರ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಕೂಸಿಗೆ ತುಸು ಬೆಚ್ಚಗಾದರೂ ಆಕೆಯ ಮುಖ ಬಿಳಿಚಿಕೊಳ್ಳುತ್ತಿತ್ತು.

ಚಂದಮ್ಮ ಒಳ್ಳೆಯವಳು, ಆದರೆ ವಯಸ್ಸಾಗಿತ್ತು. ಕೂಸಿಗೆ ಎರೆಯುವಾಗ ಅವಳಿಗೇ ಹೆದರಿಕೆ. ನಾಲ್ಕು ತಂಬಿಗೆ ಹೊಯ್ದು ಮುಗಿಸಿಬಿಡುವಳು. ಕೂಸು ಕಿರುಚಿ ಕಿರುಚಿ ನೀಲಿಯಾಗುವುದು. ಹದಿನಾಲ್ಕನೆಯ ಗುಳಿಗೆಯ ದಿನ ಬೆಳಿಗ್ಗೆ ಚಂದಮ್ಮ ಅತ್ತ ಹೋದ ಮೇಲೆ ಲುಂಬಿನಿ ತಡೆಯಲಾರದೆ ಹೊರಗೆ ಬಂದಳು.

"ಅವ್ವಾ, ಒಂದು ಕೇಳ್ತೀನಿ, ಖರೇ ಹೇಳು. ಹೆಣ್ಣು ಹುಟ್ಟ್ಯಾದಂತ ಬ್ಯಾಸರೇನು ನಿನಗ?"

"ಹುಚ್ಚಿ, ಏನ ಮಾತಾಡ್ತಿ!"

"ಮತ್ತ್ಯಾಕ? ಯಾರ ಕೂಸೋ ಏನೋ, ಅದನ್ನ ರೈಲಿನಾಗ ಬರಿಗೈಲೇ ಹಿಡದಿ. ನನ್ನ ಕೂಸಿನ ಕಡಿ ಹೊಳ್ಳಿ ನೋಡಂಗಿಲ್ಲ. ಮುಟ್ಟಿದ್ರ ಏನೂ ಆಗಂಗಿಲ್ಲಂತ ಆ ಮೇಡಮ್ ಹೇಳ್ಯಾರಂತ ಅಣ್ಣ ಹೇಳ್ಯಾನ. ಮುಧೋಳದವ್ರು ತೊಟ್ಟಿಲಿಗಿ ಬಂದಾಗ ಏನ ಹೇಳ್ಲಿ ನಾ?"

ದೊಡ್ಡವ್ವ ಆಗ ಹೇಳಿದಳು. ಕಪ್ಪು ಗೆರೆ, ಅದರ ಮೇಲೆ ಬಿಟ್ಟ ಮೇಣ, ಬುಧವಾರದ ಬಿಸಿನೀರು, ಕೂಸಿನ ಹೊಕ್ಕಳಿನ ಮೇಲೆ ಅಂಟಿದ್ದ ಮೇಣದ ಚೂರನ್ನು ತಾನೇ ಉಗುರಿನಿಂದ ತೆಗೆದದ್ದು, ಎಲ್ಲವನ್ನೂ.

"ನನಗ ಬಂದ್ರ ಬರ್ಲಿ ಲುಂಬಿನಿ. ನನಗೇನು, ಐವತ್ತು ಸಮೀಪ ಬಂದದ. ಆ ದಿನ ಕೂಸಿಗಿ ಹೋಗಿದ್ರ? ಅದನ್ನ ಕೇಳಾಕ ನನಗ ಬಾಯಿ ಬರ್ಲಿಲ್ಲ. ಹೂಂ ಅಂದ್ರ ಏನ ಮಾಡ್ಲಿ ಅಂತ."

ಲುಂಬಿನಿಯನ್ನು ನಾನು ಹೊಗಳಿ ಬರೆಯಬಹುದಿತ್ತು, ಅವ್ವನನ್ನು ತಕ್ಷಣ ಅಪ್ಪಿಕೊಂಡಳು ಎಂದು. ಹಾಗಾಗಲಿಲ್ಲ. ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಒಳಗೆ ಓಡಿ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು, "ಇಷ್ಟು ದಿನ ಮುಚ್ಚಿಟ್ಟೆಲ್ಲ!" ಎಂದು ಅವ್ವನ ಮೇಲೆ ಚೀರಿದಳು. ಆಮೇಲೆ ನನಗೆ ಫೋನು ಮಾಡಿ, "ಅಣ್ಣಾ, ಆಟೋ ತಗೊಂಡು ಬಾ, ದವಾಖಾನಿಗಿ ಹೋಗಬೇಕು" ಎಂದಳು. ಬಾಣಂತಿ ಹೊರಗೆ ಹೋಗಬಾರದು ಎಂದು ಚಂದಮ್ಮ ಬಾಗಿಲಿಗೆ ಅಡ್ಡ ನಿಂತಳು. "ಸರೀರಿ ಚಂದಮ್ಮತ್ತಿ" ಎಂದು ಅವಳನ್ನೂ ಸರಿಸಿ ಆಟೋ ಹತ್ತಿದಳು. ದೊಡ್ಡವ್ವ ಕಟ್ಟೆಯ ಮೇಲೆಯೇ ಕುಳಿತಿದ್ದಳು. ಬಾ ಎಂದು ಅವಳು ಕರೆಯಲಿಲ್ಲ, ಬರುತ್ತೇನೆ ಎಂದು ಇವಳು ಹೇಳಲಿಲ್ಲ.

ಭಾಗ್ಯಶ್ರೀ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಒಂದೊಂದಾಗಿ ಕೇಳಿದರು. ರಕ್ತ ತಾಗಿದ್ದು ಮಂಗಳವಾರ ಎಷ್ಟು ಹೊತ್ತಿಗೆ, ಎರೆದದ್ದು ಎಷ್ಟು ಹೊತ್ತಿಗೆ, ನೀರು ಎಷ್ಟು ಬಿಸಿ, ಸಬ್ಬು ಹಚ್ಚಿದ್ದರಾ, ಆ ದಿನ ಕೂಸಿನ ಮೈಮೇಲೆ ಎಲ್ಲಾದರೂ ಗಾಯವಿತ್ತಾ, ಹೊಕ್ಕಳ ಬಳ್ಳಿ ಉದುರಿದ್ದು ಯಾವತ್ತು. ಏಳನೆಯ ದಿನವೇ ಉದುರಿ ಒಣಗಿತ್ತು ಎಂದಳು ಲುಂಬಿನಿ. ಡಾಕ್ಟರನ್ನೂ ಕರೆಸಿದರು. ಅವರು ಕೂಸನ್ನು ಬತ್ತಲೆ ಮಾಡಿ ತಲೆಯಿಂದ ಅಂಗಾಲಿನವರೆಗೆ ನೋಡಿ, ತಾಯಿ ಕಾರ್ಡು ತೆರೆದು, ಹುಟ್ಟಿದ ದಿನವೇ ಕಾಮಾಲೆಯ ಲಸಿಕೆ ಬಿದ್ದಿರುವುದನ್ನು ಬೆರಳಿಟ್ಟು ತೋರಿಸಿದರು.

"ರಕ್ತ ಒಣಗಿ ಒಂದು ರಾತ್ರಿ ಕಳೆದದ. ಮೇಲೆ ಬಿಸಿ ಮೇಣ, ಆಮೇಲೆ ಬಿಸಿನೀರು, ಸಬ್ಬು. ಮಗುವಿನ ಚರ್ಮ ಗಟ್ಟಿ ಅದ, ಗಾಯ ಇಲ್ಲ. ಇದರಿಂದ ಮಗುವಿಗೆ ಬರೋ ದಾರಿನೇ ಇಲ್ಲಮ್ಮ. ಪರೀಕ್ಷೆನೂ ಬೇಕಿಲ್ಲ" ಎಂದರು ಡಾಕ್ಟರು.

"ಅವ್ವ ಎರೀಬಹುದಾ?"

"ಇನ್ನೂ ಯಾಕೆ ಎರೆದಿಲ್ಲ ಅಂತ ಅವರನ್ನೇ ಕೇಳು."

ಲುಂಬಿನಿ ಕುರ್ಚಿಯ ಮೇಲೆ ಕುಳಿತು, ಎರಡು ವಾರದ್ದನ್ನೆಲ್ಲ ಸೇರಿಸಿ ಅತ್ತಳು. ಭಾಗ್ಯಶ್ರೀ ನೀರು ಕೊಟ್ಟು, "ಸಿಟ್ಟು ನಿಮ್ಮ ಅವ್ವನ ಮ್ಯಾಲ ತೆಗೀಬ್ಯಾಡ ತಂಗಿ. ಎರಡು ವಾರ ಆಕಿ ಇದನ್ನ ಒಬ್ಬಾಕಿನೇ ಹೊತ್ತಾಳ" ಎಂದರು. ಮನೆ ಬಂದಾಗ ಲುಂಬಿನಿ, "ನೀರ ಒಲಿ ಹಚ್ಚು ಅಣ್ಣಾ" ಎಂದಳು.

ಆ ಹೊತ್ತಿಗೆ ಹನ್ನೊಂದಾಗಿತ್ತು, ಕೂಸಿಗೆ ಎರೆಯುವ ಹೊತ್ತಲ್ಲ. ದೊಡ್ಡವ್ವ ಕಟ್ಟೆಯಿಂದ ಎದ್ದಿರಲಿಲ್ಲ, ಕಾರ್ಖಾನೆಗೂ ಹೋಗಿರಲಿಲ್ಲ. ಲುಂಬಿನಿ ಆಕೆಯ ಮುಂದೆ ನಿಂತು ಡಾಕ್ಟರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ, ಒಂದನ್ನೂ ಬಿಡದೆ ಹೇಳಿದಳು. ದೊಡ್ಡವ್ವ ಪ್ರತಿಯೊಂದಕ್ಕೂ, "ಖರೇನು? ಬಾಯಿಬಿಟ್ಟು ಹೇಳ್ಯಾರೇನು?" ಎಂದು ನನ್ನ ಕಡೆ ತಿರುಗಿ ಕೇಳಿದಳು. ಹೌದು, ನನ್ನ ಮುಂದೆಯೇ ಹೇಳಿದರು, ಎಂದೆ.

"ಹೊಕ್ಕಳ ನೋಡಿದ್ರೇನು?"

"ಬೆರಳ ಹಚ್ಚಿ ನೋಡ್ಯಾರ."

"ಮೇ ತಿಂಗಳ ಪರೀಕ್ಷಾ ಆಗೋತನಕ ತಡೀಲೇನು? ನಂದು ಪೂರಾ ತಿಳೀಲಿ."

"ಮೇ ತಿಂಗಳಿಗಿ ಇದು ಅಂಬೆಗಾಲ ಹಚ್ಚಿ ತಾನೇ ಬಚ್ಚಲಿಗಿ ಹೋಗ್ತದ. ಕೈ ತೋರಿಸು."

ದೊಡ್ಡವ್ವ ಅಂಗೈ ಬಿಚ್ಚಿದಳು. ಎರಡು ವಾರ ಕೆಸರು ಕಾಣದ, ಮುಲಾಮು ಉಂಡ ಕೈ. ಬಿರುಕುಗಳೆಲ್ಲ ಕೂಡಿಕೊಂಡು ತೆಳ್ಳಗಿನ ಗುಲಾಬಿ ಗೆರೆಗಳಾಗಿದ್ದವು. ಲುಂಬಿನಿ ಒಂದೊಂದನ್ನೂ ಒತ್ತಿ ನೋಡಿದಳು. ಆಮೇಲೆ ಒಳಗೆ ಹೋಗಿ ಮಣೆ ತಂದು ಹಾಕಿದಳು. ದೊಡ್ಡವ್ವ ಕುಳಿತು, ಸೀರೆ ಮೇಲಕ್ಕೆ ಕಟ್ಟಿ ಕಾಲು ಚಾಚಿದಳು. ಲುಂಬಿನಿ ಕೂಸನ್ನು ಆ ಕಾಲುಗಳ ನಡುವೆ ಇಟ್ಟು ಕೈ ಬಿಟ್ಟಳು.

ಮೊದಲ ತಂಬಿಗೆಗೆ ಕೂಸು ಬೆಚ್ಚಿ ಕೈಕಾಲು ಚೆಲ್ಲಿತು. ದೊಡ್ಡವ್ವನೂ ಬೆಚ್ಚಿದಳು. ಎರಡನೆಯದಕ್ಕೆ ಸುಮ್ಮನಾಯಿತು. ಬೆನ್ನಿಗೆ ಎಣ್ಣೆ, ತೊಡೆಗೆ ಎಣ್ಣೆ. ಕುತ್ತಿಗೆಯ ಮಡಿಕೆ ಬಿಡಿಸಿದಾಗ ಆಕೆಯ ಕೈ ತಟ್ಟನೆ ನಿಂತಿತು. ನಾನೂ ಲುಂಬಿನಿಯೂ ಹೆದರಿ ಬಗ್ಗಿ ನೋಡಿದೆವು.

"ಲುಂಬಿನಿ."

"ಏನವ್ವಾ?"

"ಇದೇನಿದು, ಕುತಗಿ ಸಂದ್ಯಾಗ ಹಾಲು ಹೆಪ್ಪು ಕಟ್ಟ್ಯಾದ! ಎರಡು ವಾರದಾಗ ಯಾರೂ ಇಲ್ಲಿ ಕೈಯೇ ಹಾಕಿಲ್ಲೇನು? ಕಿವಿ ಹಿಂದ ನೋಡು, ಕೆಂಪಗ ಆಗ್ಯಾದ. ಚಂದಮ್ಮ ಎರದಾಳೋ, ದೂರಿಂದ ನೀರ ಚಿಮುಕಿಸ್ಯಾಳೋ? ನೀನರ ತಾಯಿ ಇದ್ದಿ, ನೋಡಬಾರದಾ?"

"ನೀ ಇದ್ದೆಲ್ಲ ನೋಡಾಕ, ಮೂರು ಮಾರು ದೂರ ಕುಂತು" ಎಂದಳು ಲುಂಬಿನಿ.

"ಬಾಯಿ ಮಾಡಬ್ಯಾಡ. ನೀರ ಕಡಿಮಿ ಬಿದ್ದದ, ಇನ್ನೊಂದು ಬಕೀಟ್ ತಗೊಂಡು ಬಾ. ಜಲ್ದಿ ಬಾ, ಕೂಸಿಗಿ ಥಂಡಿ ಆಗ್ತದ."